ದುರ್ಬೀನು ಮಾಸ್ತರರು

ಕೊಂಡ ವಸ್ತುವಿನಿಂದ ಸುಖಪಡುವವರು ಲೋಕದಲ್ಲಿ ಬಹುಮಂದಿ ಉಂಟು. ಕೊಂಡ ಮೇಲೆ ಪಶ್ಚಾತ್ತಾಪಪಡುವವರು ಅವರಿಗಿಂತಲೂ ಹೆಚ್ಚು. ಆದರೆ ಕೊಳ್ಳಬೇಕಾದ ವಸ್ತುವನ್ನು ಕುರಿತು ನಿರಂತರವಾಗಿ ವಿಚಾರಮಾಡುತ್ತ, ಆ ವಿಚಾರದಲ್ಲಿಯೇ ಕೊಂಡವನಿಗೂ ದೊರೆಯದ ತೃಪ್ತಿಯನ್ನು ಪಡೆದು, ಅಂಗಡಿಯ ಹೊಸ್ತಿಲವರೆಗೆ ಹೋಗಿ ಪ್ರಸನ್ನಚಿತ್ತರಾಗಿ ಹಿಂದಿರುಗತಕ್ಕ ಮಹನೀಯರ ವರ್ಗವೊಂದು ಇದೆಯಷ್ಟೆ, ಅದಕ್ಕೆ ಭೂಷಣಪ್ರಾಯರಾದವರೊಬ್ಬರು ಬಾಗಲಕೋಟೆಯ ನವನಗರದಲ್ಲಿ ವಾಸವಾಗಿದ್ದಾರೆ. ಮಾಧ್ಯಮಿಕ ಶಾಲೆಯಲ್ಲಿ ಗಣಿತವನ್ನು ಬೋಧಿಸುವ ಇವರಿಗೆ ತಾಯಿತಂದೆಗಳಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಊರಿಗೆಲ್ಲ ಇವರು ದುರ್ಬೀನು ಮಾಸ್ತರರು. ಅವರ ಬಳಿ ದುರ್ಬೀನು ಇಲ್ಲ. ಇದ್ದಿದ್ದರೆ ಈ ಹೆಸರು ಬರುತ್ತಿರಲಿಲ್ಲ.

ಅವರಲ್ಲಿರುವುದು .177 ಅಂಗುಲದ ನಳಿಗೆಯ, ಸ್ಪ್ರಿಂಗಿನ ಬಲದಿಂದ ನಡೆಯುವ, ಪರವಾನಗಿಯ ಗೊಡವೆಯಿಲ್ಲದ ಒಂದು ಏರ್‌ಗನ್ನು. ಬಂದೂಕಿನ ಮಾತು ಈ ಸೀಮೆಗೆ ಹೊಸದಲ್ಲ. ಮುಧೋಳದ ಬಳಿಯ ಹಲಗಲಿಯ ಬೇಡರು 1857ರಲ್ಲಿ, ಆಯುಧಗಳನ್ನು ಒಪ್ಪಿಸಬೇಕೆಂಬ ಕುಂಪಣಿ ಸರಕಾರದ ಕಾಯಿದೆಗೆ ತಲೆಬಾಗದೆ, ಊರಿಗೆ ಊರೇ ಬೆಂಕಿಗೆ ತುತ್ತಾದರೂ ಕೈಯಲ್ಲಿದ್ದುದನ್ನು ಬಿಡಲಿಲ್ಲ; ಬಾದಾಮಿಯ ಚಾಲುಕ್ಯ ಶಾಸನಗಳನ್ನು ಓದಿದ ಫ್ಲೀಟ್ ಸಾಹೇಬರೇ ಅವರ ಲಾವಣಿಯನ್ನೂ ಸಂಗ್ರಹಿಸಿ ಅಚ್ಚುಮಾಡಿಸಿದರು. ಇದ್ದುದನ್ನು ಬಿಡದವರ ಆ ನಾಡಿನಲ್ಲಿ, ಇಲ್ಲದ್ದನ್ನು ಎಂದಿಗೂ ಹಿಡಿಯದ ಇಂಥವರೊಬ್ಬರು ಅವತರಿಸಿದುದನ್ನು ಯಾವ ಲಾವಣಿಕಾರನೂ ಇನ್ನೂ ಗಮನಿಸಿದಂತಿಲ್ಲ.

ಮಾಸ್ತರರ ಸಂಕಲ್ಪವಾದರೋ ಸರಳವಾದುದು. ಗುರಿ ಹೊಡೆಯುವ ಪಂದ್ಯವೊಂದರಲ್ಲಿ ಭಾಗವಹಿಸಬೇಕು; ಅದಕ್ಕಾಗಿ ಬಂದೂಕಿನ ಮೇಲೆ ಒಂದು ದುರ್ಬೀನನ್ನು ಕೂರಿಸಬೇಕು; ಆ ದುರ್ಬೀನಿಗೆ 12,000 ರೂಪಾಯಿಯನ್ನು ಒಂದು ಕಾಸೂ ಮೀರಬಾರದು. ಈ ಮೂರನೆಯ ನಿಯಮವನ್ನು ಕಂಡು ಅವರನ್ನು ಜಿಪುಣರೆಂದು ಬಗೆಯುವವರು ಅವರ ಅಂತರಂಗವನ್ನರಿಯರು. ಆ ಹಣವು ಅಂಚೆಕಚೇರಿಯ ಖಾತೆಯಲ್ಲಿ ಸಿದ್ಧವಾಗಿಯೇ ಇದೆ. ಆದರೆ ಮಿತಿಯೆಂಬುದು ಇಲ್ಲದಿದ್ದಲ್ಲಿ ಅತ್ಯುತ್ತಮವಾದುದನ್ನು ಕೊಂಡು ಸುಮ್ಮನಿರಬೇಕಾಗುತ್ತದೆ. ಮಿತಿಯಿದ್ದರೆ ತಾನೆ ಒಂದರ ಗುಣವನ್ನು ಇನ್ನೊಂದರ ದೋಷದೊಡನೆ ತೂಗಿ, ಮೂರನೆಯದರ ಬೆಲೆಯನ್ನು ನಾಲ್ಕನೆಯದರಿಂದ ಕಳೆದು, ರಾತ್ರಿ ಹನ್ನೊಂದರವರೆಗೆ ದೀಪ ಉರಿಸಲು ಕಾರಣ ದೊರೆಯುವುದು?

ಅವರ ವಿದ್ವತ್ತನ್ನು ಮಾತ್ರ ಯಾರೂ ಲಘುವಾಗಿ ಕಾಣುವಂತಿಲ್ಲ. ಪೆಟ್ಟಿಗೆಯ ಮೇಲೆ 4–16×50 ಎಂಬ ಅಂಕೆಯನ್ನು ಕಂಡೊಡನೆ ಸಾಮಾನ್ಯ ಗಿರಾಕಿಯು ಅದರ ಗಾತ್ರಕ್ಕೇ ಮರುಳಾಗುವನು. ಮಾಸ್ತರರು ಹಾಗಲ್ಲ, ಸಂಜೆ ಕಟ್ಟೆಯ ಮೇಲೆ ಕುಳಿತವರೆಲ್ಲರಿಗೂ ಅದನ್ನು ಬಿಡಿಸಿ ಹೇಳುವರು. ನೋಟವು ನಾಲ್ಕರಿಂದ ಹದಿನಾರು ಪಟ್ಟು ಹಿಗ್ಗುವುದು, ಮುಂಗಾಜಿನ ವ್ಯಾಸ 50 ಮಿಲಿಮೀಟರು ಇರುವುದು, ಇಷ್ಟೇ ಅದರ ತಾತ್ಪರ್ಯ. ಈಗ 50ನ್ನು 16ರಿಂದ ಭಾಗಿಸಿರಿ: ಮೂರು ಚಿಲ್ಲರೆ ಮಿಲಿಮೀಟರು ಅಗಲದ ಬೆಳಕು ಕಣ್ಣಿಗೆ ಬಂದು ಸೇರುತ್ತದೆ. ನಮ್ಮ ಬಿಸಿಲಿನಲ್ಲಿ ಕಣ್ಣಿನ ಪಾಪೆಯು ಎರಡು ಮೂರು ಮಿಲಿಮೀಟರಿಗೆ ಕುಗ್ಗಿರುವಾಗ ಅದಕ್ಕಿಂತ ಹೆಚ್ಚಿನ ಬೆಳಕನ್ನು ತಂದು ಇಡುವುದೆಲ್ಲಿ? ಯುರೋಪಿನ ಅಡವಿಯಲ್ಲಿ ಮುಸ್ಸಂಜೆಗೆ ಬೇಟೆಯಾಡುವವನಿಗೆ ದೊಡ್ಡ ಕಾಜು ಬೇಕಾದೀತು. ಬಾಗಲಕೋಟೆಯ ಏಪ್ರಿಲ್ಲಿನಲ್ಲಿ ಅದು ಭಾರಕ್ಕೆ ಮಾತ್ರ ಉಪಯೋಗ. ಹಿಗ್ಗುವಿಕೆಯನ್ನಾದರೂ ಹೆಚ್ಚಿಸೋಣವೆಂದರೆ, ನೆಲದಿಂದೇಳುವ ಬಿಸಿಗಾಳಿಯ ಅಲೆಗಳೂ ಅಷ್ಟೇ ಹಿಗ್ಗಿ, ಗುರಿಯು ನೀರೊಳಗಿದ್ದಂತೆ ನಡುಗುವುದು. ಆದುದರಿಂದ 50 ಬೇಡ, 40 ಸಾಕು. ಹದಿನಾರು ಪಟ್ಟು ಬೇಡ, ಹತ್ತೋ ಹನ್ನೆರಡೋ ಸಾಕು. ಇದು ನಿಜಕ್ಕೂ ಸರಿಯಾದ ತರ್ಕ. ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ನಿಲ್ಲಿಸಿ ಹಣ ಕಟ್ಟುತ್ತಿದ್ದರು.

ಆದರೆ ಅಷ್ಟರಲ್ಲಿ ಪ್ಯಾರಲಾಕ್ಸ್ ಎಂಬುದು ಉಪಸ್ಥಿತವಾಯಿತು. ದೊಡ್ಡ ಬಂದೂಕುಗಳ ದುರ್ಬೀನುಗಳನ್ನು ಸಾಮಾನ್ಯವಾಗಿ 100 ಗಜಗಳ ದೂರಕ್ಕೆ ಹೊಂದಿಸಿರುತ್ತಾರೆ. ಮಾಸ್ತರರ ಹಿತ್ತಲಾದರೋ ಹತ್ತು ಮೀಟರಿಗೆ ಮುಗಿದು ಮುಂದೆ ನೆರೆಯವರ ನುಗ್ಗೆಗಿಡ ಆರಂಭವಾಗುತ್ತದೆ. ಅಷ್ಟು ಸಮೀಪದಲ್ಲಿ ಗುರಿಯು ಮಸಕಾಗುವುದಲ್ಲದೆ, ಕಣ್ಣು ಕೂದಲೆಳೆಯಷ್ಟು ಕದಲಿದರೂ ದುರ್ಬೀನಿನೊಳಗಿನ ಅಡ್ಡಗೆರೆ ನೆಟ್ಟಗೆರೆಗಳು ಗುರಿಯ ಮೇಲೆ ಜಾರುತ್ತವೆ. ಆದಕಾರಣ ಹತ್ತು ಗಜಕ್ಕೂ ನೋಟವನ್ನು ಹೊಂದಿಸಬಲ್ಲ ಮುಂಗಾಜೇ ಬೇಕು. ಇದರ ಹಿಂದೆಯೇ ಸ್ಪ್ರಿಂಗು ಬಂದಿತು. ಮದ್ದಿನ ಬಂದೂಕು ಹಿಂದಕ್ಕೆ ಮಾತ್ರ ಒದೆಯುವುದು. ಸ್ಪ್ರಿಂಗಿನ ಏರ್‌ಗನ್ನು ಮೊದಲು ಹಿಂದಕ್ಕೊದ್ದು, ಒಳಗಿನ ಪಿಸ್ಟನ್ನು ಹೋಗಿ ಬಡಿದ ಕ್ಷಣದಲ್ಲಿ ಮುಂದಕ್ಕೂ ಜಗ್ಗುವುದರಿಂದ, ಹುಲಿಯ ಬೇಟೆಗೆ ಬಾಳಿಕೆ ಬಂದ ದುರ್ಬೀನಿನ ಕಾಜುಗಳೂ ಇದರ ಮೇಲೆ ಕುಳಿತರೆ ಸಡಿಲವಾಗುವ ಸಂಭವವುಂಟು. ಬಳಿಕ ಹಿಡಿಬಳೆಗಳು: ಒಳ್ಳೆಯ ಕಾಜನ್ನು ಕೆಟ್ಟ ಬಳೆಗಳಲ್ಲಿ ಬಿಗಿದರೆ ಪ್ರತಿ ಗುಂಡಿಗೂ ಕೂದಲಿನಷ್ಟು ಸರಿಯುತ್ತದೆಯಾಗಿ, ಬಜೆಟ್ಟಿನ ಕಾಲುಭಾಗ ಅವುಗಳ ಪಾಲಾಯಿತು. ಕಟ್ಟಕಡೆಗೆ, ದುರ್ಬೀನಿಗೆ ಕನಿಷ್ಠಪಕ್ಷ ಬಂದೂಕಿನಷ್ಟಾದರೂ ಬೆಲೆ ತೆರಬೇಕೆಂಬ ಬಲ್ಲವರ ವಾಕ್ಯವೊಂದು ಅವರ ಕಣ್ಣಿಗೆ ಬಿದ್ದಿತು. ತಮ್ಮ ಬಂದೂಕಿನ ಬೆಲೆ 6,000 ಮಾತ್ರ; ಹಾಗಿರುವಲ್ಲಿ 12,000ದ ದುರ್ಬೀನಿಗೆ ತಕ್ಕುದಾಗಬೇಕಾದರೆ ಮೊದಲು ಬಂದೂಕನ್ನೇ ಬದಲಿಸಬೇಕಲ್ಲವೇ ಎಂಬ ಸಂದೇಹದಲ್ಲಿ ಒಂದು ಮಳೆಗಾಲ ಕಳೆಯಿತು.

ಇವರ ಧರ್ಮಪತ್ನಿಯವರ ಕ್ರಮವೇ ಬೇರೆ. ಇಳಕಲ್ಲಿನ ಸೀರೆಯಂಗಡಿಯೊಂದರಲ್ಲಿ ನಾನು ಅದನ್ನು ಪ್ರತ್ಯಕ್ಷ ಕಂಡಿದ್ದೇನೆ. ಆಕೆ ಗಾದಿಯ ಮೇಲೆ ಕುಳಿತು, ಒಂದು ಸೀರೆಯ ತೋಪುತೆನಿ ಸೆರಗನ್ನು ಬಿಚ್ಚಿಸಿ, ರೇಶಿಮೆಯ ಸೆರಗಿನ ಹಾಸು ಒಡಲಿನ ಹಾಸಿನೊಡನೆ ಕೂಡುವ ಕೊಂಡಿಯ ಸಾಲನ್ನು ಬೆರಳ ತುದಿಯಿಂದ ಒಮ್ಮೆ ಸವರಿ, ಬೆಳಕಿಗೆ ಹಿಡಿದು, ದಡಿಯನ್ನು ತಿರುವಿ ನೋಡಿ, ಹೇಳಿದ ಬೆಲೆಯಲ್ಲಿ ನಾಲ್ಕು ನೂರು ಇಳಿಸಿ, ಅಂಗಡಿಯವರು ತರಿಸಿದ ಚಹಾ ಆರುವುದರೊಳಗೆ ಎದ್ದುನಿಂತರು. ಎಳೆಗೆ ಎಳೆ ಸಿಕ್ಕಿಸಿದ ಆ ಕೂಡಿಕೆಯಲ್ಲಿ ಒಂದು ಕೊಂಡಿ ತಪ್ಪಿದ್ದರೂ ಆಕೆಯ ಬೆರಳಿಗೆ ತಿಳಿಯುತ್ತಿತ್ತು. ಮಾಸ್ತರರ ಕ್ಯಾಟಲಾಗುಗಳಲ್ಲಿ ಅಷ್ಟು ಸೂಕ್ಷ್ಮವಾದ ಪರೀಕ್ಷೆ ಯಾವುದೂ ನನಗೆ ಕಂಡಿಲ್ಲ. ಮಾಸ್ತರರು ಮೂಲೆಯಲ್ಲಿ ಕುಳಿತು, “ಇಷ್ಟ ಲಗೂ ಆರಿಸಿದ್ಯಾ? ಇನ್ನ ನಾಕ ಅಂಗಡಿ ನೋಡಬಹುದಿತ್ತಲ್ಲ” ಎಂದು ವ್ಯಥೆಪಟ್ಟರು. “ನೋಡಾಕ ಬಂದಿಲ್ರೀ, ಉಡಾಕ ಬಂದೀನಿ” ಎಂದು ಆಕೆ ಗಂಟು ಕೈಗೆ ಕೊಟ್ಟರು.

ಇಳಕಲ್ಲಿನ ಶ್ರೀಮಠದ ಮಹಾಂತ ಸ್ವಾಮಿಗಳು ಮನೆಮನೆಗೆ ಜೋಳಿಗೆ ಹಿಡಿದು ಹೋಗಿ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದವರು. ಕುಡಿತ, ಬೀಡಿ, ತಂಬಾಕುಗಳನ್ನು ಆ ಜೋಳಿಗೆಗೆ ಹಾಕಿ ಉದ್ಧಾರವಾದ ಸಂಸಾರಗಳು ಈ ಭಾಗದಲ್ಲಿ ಬಹಳ. ಮಠದ ದಾರಿಯಲ್ಲಿ ಹೋಗುವಾಗಲೆಲ್ಲ ಆಕೆ ಗಂಡನ ಕ್ಯಾಟಲಾಗಿನ ಚೀಲವನ್ನು ಒಮ್ಮೆ ನೋಡಿ ಸುಮ್ಮನಾಗುವರು.

ಇಂತಿರಲು ಹುನಗುಂದದ ಯುವಕನೊಬ್ಬನು, ಹಿಂದೆ ಮಾಸ್ತರರ ಶಿಷ್ಯನಾಗಿ ಗಣಿತದಲ್ಲಿ ನಪಾಸಾಗಿ ಕೆಂಪು ಗ್ರಾನೈಟಿನಲ್ಲಿ ಉತ್ತೀರ್ಣನಾದವನು, ಯಾರನ್ನೂ ಕೇಳದೆ ಒಂದೇ ಮಧ್ಯಾಹ್ನದಲ್ಲಿ ಒಂದು ದುರ್ಬೀನನ್ನು ಕೊಂಡುಬಿಟ್ಟನು. ಜಾತಕ ತೋರಿಸದೆ ಮದುವೆ ಮುಗಿಸಿದ ಸುದ್ದಿಯನ್ನು ಕೇಳಿದ ಸೋದರಮಾವನಂತೆ ಮಾಸ್ತರರು ಮರುದಿನವೇ ಬಸ್ಸು ಹತ್ತಿದರು. ಪರೀಕ್ಷಿಸುವುದಕ್ಕೆಂದು ಅದನ್ನು ಕೇಳಿ ತಂದರು. ತಂದವರು ಬಾದಾಮಿಗೆ ಒಯ್ದರು. ಕಾಜಿನ ಯೋಗ್ಯತೆಯನ್ನು ಅಳೆಯಲು ದೂರದ ಅಕ್ಷರಗಳನ್ನು ಓದಿನೋಡಬೇಕೆಂಬುದು ಶಾಸ್ತ್ರಸಮ್ಮತ. ಅಗಸ್ತ್ಯತೀರ್ಥದ ಈಚೆಯ ದಂಡೆಯಲ್ಲಿ ನಿಂತು, ಆಚೆಯ ಬಂಡೆಯ ಮೇಲಣ ಕಪ್ಪೆ ಅರಭಟ್ಟನ ಶಾಸನದತ್ತ ಅದನ್ನು ಹಿಡಿದು, ಒಂದು ತಾಸು ಉಸಿರು ಬಿಗಿಹಿಡಿದು ನೋಡಿದರು. ತ್ರಿಪದಿಯ ಆದಿಮ ರೂಪವೆಂದು ವಿದ್ವಾಂಸರು ಕೊಂಡಾಡುವ ಆ ಶಾಸನದ ಲಿಪಿಯು ಮಾಸ್ತರರಿಗೆ ಬಾರದು. ಆದುದರಿಂದ ಅಕ್ಷರಗಳು ತಿಳಿಯದಿದ್ದುದು ಕಾಜಿನ ದೋಷವೋ ತಮ್ಮ ವಿದ್ಯೆಯ ದೋಷವೋ ಎಂಬುದು ನಿರ್ಣಯವಾಗಲಿಲ್ಲ. ಕಾವಲುಗಾರನು ಬಂದು ವಿಚಾರಿಸಿದನು. ಸಂಗತಿ ತಿಳಿದ ಮೇಲೆ ತಾನೂ ಒಂದು ಕಣ್ಣಿಟ್ಟು ನೋಡಿ, “ಎಷ್ಟಕ್ಕ ತಗೊಂಡ್ರಿ?” ಎಂದನು. ತೆಗೆದುಕೊಂಡಿಲ್ಲವೆಂದು ತಿಳಿಸಲು ಮಾಸ್ತರರಿಗೆ ಅರ್ಧ ಗಂಟೆ ಹಿಡಿಯಿತು.

ಬನಶಂಕರಿಯ ಜಾತ್ರೆಯಲ್ಲಿ ನಡೆದ ಪ್ರಸಂಗವನ್ನು ನಾಟಕ ಕಂಪನಿಯವರು ನೋಡಿದ್ದರೆ ಆ ರಾತ್ರಿಯೇ ಆಡುತ್ತಿದ್ದರು. ಬನದ ಹುಣ್ಣಿಮೆಯ ಆ ಜನಸಂದಣಿಯಲ್ಲಿ, ತೊಟ್ಟಿಲುಗಳ ಪಕ್ಕದಲ್ಲಿ ಬಲೂನು ಹೊಡೆಯುವ ಅಂಗಡಿಯೊಂದಿತ್ತು. ಮಾಸ್ತರರು ಹತ್ತು ರೂಪಾಯಿ ಕೊಟ್ಟು ಬಂದೂಕನ್ನು ಕೈಗೆತ್ತಿಕೊಂಡರು, ಎತ್ತಿಕೊಂಡವರು ಹೊಡೆಯಲಿಲ್ಲ. ಮುಂಗುರಿಯು ಎಡಕ್ಕೆ ಬಾಗಿರುವುದನ್ನೂ, ನಳಿಗೆಯ ಕೀಲು ಸವೆದಿರುವುದನ್ನೂ, ಹಲಗೆಯು ನಿಂತವನಿಂದ ಎಷ್ಟು ದೂರವಿದೆಯೆಂಬುದನ್ನೂ ನೆರೆದವರಿಗೆ ವಿವರಿಸಿ, ದುರ್ಬೀನಿನ ತಿರುಗಣಿಯನ್ನು ಒಂದು ಟಕ್ಕು ತಿರುವಿದರೆ ನೂರು ಮೀಟರಿನಲ್ಲಿ ಗುಂಡು ಸುಮಾರು ಏಳು ಮಿಲಿಮೀಟರು ಸರಿಯುವುದೆಂದೂ, ಹತ್ತು ಮೀಟರಿನಲ್ಲಿ ಅದರ ಹತ್ತನೆಯ ಒಂದು ಪಾಲು ಮಾತ್ರವೆಂದೂ, ಈ ಬಂದೂಕಿಗೆ ಅಂಥದೊಂದು ಸಾಧನವಿದ್ದಿದ್ದರೆ ಎಡಕ್ಕೆ ಬಾಗಿದ ದೋಷವನ್ನು ಇಂತಿಷ್ಟು ಟಕ್ಕುಗಳಲ್ಲಿ ತಿದ್ದಬಹುದಿತ್ತೆಂದೂ ಲೆಕ್ಕ ಹಾಕತೊಡಗಿದರು. ಅಂಗಡಿಯವನು ತಾಳ್ಮೆಯುಳ್ಳವನೇ. ಆದರೂ ಕಡೆಗೆ, “ಯಜಮಾನ್ರ, ಹೊಡಿಯೂದಿದ್ರ ಹೊಡೀರಿ, ಇಲ್ಲಾಂದ್ರ ಸರೀರಿ. ಹಿಂದ ಮಂದಿ ನಿಂತೈತಿ” ಎಂದನು. ಆಗ ಸಂದಿಯಿಂದ ನುಸುಳಿ ಬಂದ ಹತ್ತು ವರ್ಷದ ಹುಡುಗನೊಬ್ಬನು ಅದೇ ಬಂದೂಕನ್ನು ಹಿಡಿದು, ನೀಲಿಯ ಬಲೂನಿಗೆ ಗುರಿಯಿಟ್ಟು ಪಕ್ಕದ ಕೆಂಪು ಬಲೂನನ್ನು ಒಡೆದನು. ಹಳದಿಗೆ ಗುರಿಯಿಟ್ಟು ಹಸಿರನ್ನು ಒಡೆದನು. ಕೇಳಿದರೆ, “ಇದು ಒಂದ ಬಲೂನ ಬಾಜೂಕ ಹೊಡಿತೈತ್ರೀ” ಎಂದನು. ಮಾಸ್ತರರು ಅದನ್ನೂ ಬರೆದುಕೊಂಡರು.

ನಿಜವಾದ ವಿಪತ್ತು ಒದಗಿದುದು ಅನಂತರ. ಹುನಗುಂದದ ಯುವಕನಿಗೆ ಬಂದೂಕಿನ ಹುಚ್ಚು ಇಳಿದು ಕಾರಿನ ಹುಚ್ಚು ಏರಿತು. “ಸರ, ಅದನ್ನ ನೀವs ಇಟ್ಕೋರಿ. ಬಳಿ ಸಮೇತ 9,000 ಕೊಡ್ರಿ ಸಾಕು” ಎಂದು ಹೇಳಿಕಳುಹಿಸಿದನು. ಆ ದುರ್ಬೀನಾದರೋ, ಏನು ಹೇಳಲಿ, ಸರ್ವಲಕ್ಷಣಸಂಪನ್ನವಾಗಿತ್ತು. ಮುಂಗಾಜು 40 ಮಿಲಿಮೀಟರು, ಹಿಗ್ಗುವಿಕೆ ಹನ್ನೆರಡು ಪಟ್ಟಿಗೆ ಮೀರದು, ಹತ್ತು ಗಜಕ್ಕೆ ಹೊಂದುವುದು, ಸ್ಪ್ರಿಂಗಿನ ಎರಡು ಕಡೆಯ ಒದೆತಕ್ಕೂ ತಡೆಯುವಂತೆ ಕಟ್ಟಿದ್ದು, ಬೆಲೆ ಮಿತಿಯೊಳಗೆ. ನಿರಾಕರಿಸಲು ಒಂದೇ ಒಂದು ಕಾರಣವೂ ಉಳಿಯದ ಆ ವಾರದಲ್ಲಿ ಮಾಸ್ತರರ ಮುಖವನ್ನು ನೋಡಿದವರು ಮನೆಯಲ್ಲಿ ಯಾರಿಗೋ ಕಾಯಿಲೆಯೆಂದು ಭಾವಿಸಿದರು. ಅಂಚೆಕಚೇರಿಯ ಹಣ ತೆಗೆಯುವ ಚೀಟಿಯು ಸಹಿಯಾಗಿ ಅವರ ಅಂಗಿಯ ಕಿಸೆಯಲ್ಲಿ ಮೂರು ದಿನ ಇತ್ತು.

ಅವರನ್ನು ಪಾರುಮಾಡಿದವಳು ಬಾದಾಮಿಯ ತಂಗಿಯ ಮಗಳು. ಕಾಲೇಜಿನ ಎನ್‌ಸಿಸಿಯಲ್ಲಿ .22 ರೈಫಲ್ಲನ್ನು ಹೊಡೆದು ಅಭ್ಯಾಸವಿದ್ದ ಆಕೆ ರಜೆಗೆ ಬಂದವಳು, ಮೇಜಿನ ಮೇಲಿದ್ದುದನ್ನು ನೋಡಿ, “ಮಾಮಾ, ಇದನ್ನ ಯಾವ ಪಂದ್ಯಕ್ಕ ಹಚ್ಚಾವ್ರು ನೀವು? ಏರ್ ರೈಫಲ್ ಪಂದ್ಯದಾಗ ದುರ್ಬೀನ ನಡಿಯೂದs ಇಲ್ಲಲ್ರೀ!” ಎಂದಳು. ಅದು ಸತ್ಯ. ಒಲಿಂಪಿಕ್ಸಿನ ಹತ್ತು ಮೀಟರಿನ ಪಂದ್ಯದಲ್ಲಿ ಹತ್ತರ ಅಂಕವೆಂದರೆ ಅರ್ಧ ಮಿಲಿಮೀಟರಿನ ಒಂದು ಚುಕ್ಕೆ. ಅದನ್ನು ಹೊಡೆಯುವವರು ಬಂದೂಕಿನ ಮೇಲೆ ಹಿಗ್ಗಿಸುವ ಕಾಜನ್ನು ಇಡುವಂತಿಲ್ಲ, ಸಣ್ಣ ರಂಧ್ರವೊಂದರ ಮೂಲಕ ಇಣುಕಿ ನೋಡಬೇಕು. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಿಂದ ಚಿನ್ನವನ್ನು ತಂದುದು ಹೀಗೆಯೇ. ನಮ್ಮ ನೆರೆಯ ಕೊಲ್ಲಾಪುರ ಸೀಮೆಯ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸಿನಲ್ಲಿ 50 ಮೀಟರಿನ ಮೂರು ಭಂಗಿಗಳ ಕಂಚನ್ನು ಗೆದ್ದುದೂ ಹೀಗೆಯೇ. ಇಷ್ಟು ವರ್ಷ ದುರ್ಬೀನುಗಳ ಸಮಸ್ತ ವಾಙ್ಮಯವನ್ನು ಓದಿದ ಮಾಸ್ತರರು ಪಂದ್ಯದ ನಿಯಮಾವಳಿಯನ್ನು ಮಾತ್ರ ತೆರೆದಿರಲಿಲ್ಲ.

ಅವರ ಹೃದಯ ಒಡೆಯುವುದೆಂದು ಹೆದರಿ ನಾವು ಸುಮ್ಮನೆ ಕುಳಿತೆವು. ಅವರಾದರೋ ದೀರ್ಘವಾಗಿ ಉಸಿರೆಳೆದು, ವಾರದ ಮೇಲೆ ಮೊದಲ ಸಲ ನಕ್ಕರು. ಗ್ರಾನೈಟಿನ ಯುವಕನು ಬಿಡದೆ ಫೋನಿನಲ್ಲಿ, ದುರ್ಬೀನು ನಡೆಯುವ ಪಂದ್ಯಗಳೂ ಉಂಟಲ್ಲ ಎಂದು ವಾದಿಸಿದನು. ಉಂಟು, ಎಫ್-ಕ್ಲಾಸ್ ಎಂಬುದುಂಟು, ವಯಸ್ಸಾದ ಗುರಿಕಾರರಿಗಾಗಿ ಅದನ್ನು ಹೂಡಿದ ಕೆನಡಾದ ಫಾರ್ಕ್ವಾರ್ಸನ್ ಎಂಬವನ ಹೆಸರಿನಿಂದ ಆ ಅಕ್ಷರ ಬಂದಿತು ಎಂದು ಮಾಸ್ತರರು ಒಪ್ಪಿಕೊಂಡು, ಆದರೆ ಅಲ್ಲಿ ಸಾವಿರ ಗಜದವರೆಗೂ ಹೊಡೆಯಬೇಕಾಗುವುದೆಂದೂ, ಅದಕ್ಕೆ ಮದ್ದಿನ ಬಂದೂಕೇ ಬೇಕೆಂದೂ, 1959ರ ಆಯುಧ ಕಾಯಿದೆಯಂತೆ ಜಿಲ್ಲಾಧಿಕಾರಿಗಳಿಗೆ ಅರ್ಜಿ ಹಾಕಬೇಕೆಂದೂ, ಪರವಾನಗಿ ದೊರೆತರೂ ಚುನಾವಣೆ ಬಂದಾಗ ಅದನ್ನು ಪೊಲೀಸು ಠಾಣೆಯಲ್ಲಿ ಇಟ್ಟುಬರಬೇಕಾಗಬಹುದೆಂದೂ, ನವನಗರದ ತಮ್ಮ ಹಿತ್ತಲಿನಿಂದ ಸಾವಿರ ಗಜ ಅಳೆದರೆ ನಡುವೆ ನಾಲ್ಕು ಸೆಕ್ಟರುಗಳು ಬರುವವೆಂದೂ ಅತ್ಯಂತ ಉತ್ಸಾಹದಿಂದ ಸಾಧಿಸಿ ತೋರಿಸಿದರು. ಮರುದಿನ ದುರ್ಬೀನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಹುನಗುಂದಕ್ಕೆ ಹೋಯಿತು.

ಅದೇ ಸಂಜೆ ಅವರು ಸೋದರಸೊಸೆಯನ್ನು ಎದುರಿಗೆ ಕುಳ್ಳಿರಿಸಿಕೊಂಡು, ಆ ಇಣುಕುರಂಧ್ರದ ವ್ಯಾಸವು ಎಷ್ಟಿರಬೇಕು, ಬಿಸಿಲಿಗೊಂದು ಮೋಡಕ್ಕೊಂದು ಬೇರೆ ಬೇರೆ ಬೇಕೆ, ಮುಂಗುರಿಯ ಉಂಗುರವು ಕರಿಯ ವೃತ್ತಕ್ಕಿಂತ ಎಷ್ಟು ಹಿರಿದಾಗಿ ಕಾಣಬೇಕು, ಗುರಿಕಾರರ ಆ ದಪ್ಪ ಕ್ಯಾನ್ವಾಸಿನ ಜಾಕೀಟನ್ನು ಹೊಲಿಸುವುದು ಮೇಲೋ ಕೊಳ್ಳುವುದು ಮೇಲೋ ಎಂದು ಪ್ರಶ್ನೆಗಳನ್ನು ಬರೆದುಕೊಳ್ಳತೊಡಗಿದರು. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು.

“ಏನ್ರೀ, ಈ ಸಲಾ ಎಷ್ಟ ವರ್ಸರೀ?”

“ಹಂಗ ಅವಸರ ಮಾಡಿದ್ರ ಹೆಂಗ ನಡದೀತು?” ಎಂದರು ಮಾಸ್ತರರು. “ಬಜೆಟ್ಟs ಇನ್ನ ನಿಕ್ಕಿ ಆಗಿಲ್ಲ.”