ಕುಕ್ಕುಟ ಕಂಠಕೋಶ ಮೀಮಾಂಸೆ: ಕೊಡಗಿನ ಹಿತ್ತಲ ಕೋಳಿಯ ಮೇವಿನ ಚೀಲದ ಕುರಿತು ಒಂದು ಸಿದ್ಧಾಂತ

ಕೊಡಗಿನ ಬಗ್ಗೆ ವಿದ್ವಾಂಸರು ಬರೆಯದೆ ಬಿಟ್ಟದ್ದು ಕಡಿಮೆ. 1870ರಲ್ಲಿ ರಿಕ್ಟರ್ ಪಾದ್ರಿಗಳು ನಾಡಿನ ಕೈಪಿಡಿ ಬರೆದರು. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಹಾಡು, ಗಾದೆ, ಪದ್ಧತಿಗಳನ್ನೆಲ್ಲ ‘ಪಟ್ಟೋಲೆ ಪಳಮೆ’ಯಲ್ಲಿ ಕೂಡಿಟ್ಟರು. 1952ರಲ್ಲಿ ಎಂ.ಎನ್. ಶ್ರೀನಿವಾಸರು ಕೊಡವರ ಧರ್ಮವನ್ನೂ ಸಮಾಜವನ್ನೂ ಜಗತ್ತಿಗೆ ವಿವರಿಸಿದರು. ಐನ್‌ಮನೆಯ (ಕುಲದ ಹಿರಿಮನೆಯ) ಹಿತ್ತಲಲ್ಲಿ ಕೆದಕುತ್ತಿರುವ ಕೋಳಿಯ ಮೇವಿನ ಚೀಲ ಮಾತ್ರ ಭಾಷ್ಯಕಾರನಿಲ್ಲದೆ ಅನಾಥವಾಗಿದೆ. ಆ ಕೊರತೆಯನ್ನು ನೀಗುವ ನಮ್ಮ ಪ್ರತಿಜ್ಞಾವಾಕ್ಯ ಇದು: ಚೀಲದ ರೋಗ ಇರುವುದು ವಸ್ತುವಿನಲ್ಲಲ್ಲ, ವೇಳೆಯಲ್ಲಿ. ಸಂಜೆ ಆರಕ್ಕೆ ಕೋಳಿಯ ಕೊರಳ ಬುಡ ಗುಂಡಗೆ ಉಬ್ಬಿದ್ದರೆ ಅದು ಸಮೃದ್ಧಿ. ಅದೇ ಉಬ್ಬು ಮರುದಿನ ಬೆಳಿಗ್ಗೆ ಆರಕ್ಕೂ ಇದ್ದರೆ ವ್ಯಾಧಿ. ಆದ್ದರಿಂದ ಮುಂಜಾನೆ, ಕಾಳು ಹಾಕುವ ಮುಂಚೆ, ಮುಟ್ಟಿ ನೋಡದವರಿಗೆ ಈ ಶಾಸ್ತ್ರದಲ್ಲಿ ಬಾಯಿ ತೆರೆಯುವ ಅಧಿಕಾರವಿಲ್ಲ.

ಪ್ರತಿಜ್ಞೆಗೆ ಆಧಾರ ಶರೀರರಚನೆ. ಈ ಚೀಲ ಅನ್ನನಾಳವೇ ಹಿಗ್ಗಿ ಆದದ್ದು. ಎದೆಯ ಮೇಲ್ಗಡೆ, ತುಸು ಬಲಕ್ಕೆ ಕೂತಿದೆ. ಹಲ್ಲಿಲ್ಲದ ಕೋಳಿ ಹಗಲೆಲ್ಲ ಗಬಗಬನೆ ನುಂಗಿದ್ದು ಇಲ್ಲಿ ನೆನೆದು, ರಾತ್ರಿ ಸ್ವಲ್ಪಸ್ವಲ್ಪವಾಗಿ ಕೆಳಗಿಳಿದು, ಗಿಜರ್ಡ್ ಎಂಬ ಸ್ನಾಯುವಿನ ಹೊಟ್ಟೆಯಲ್ಲಿ ಹರಳುಕಲ್ಲುಗಳ ನಡುವೆ ಅರೆಯಲ್ಪಡುತ್ತದೆ. ಬೆಳಗಾಗುವಾಗ ಚೀಲ ಖಾಲಿ ಇರಬೇಕು. ಖಾಲಿಯಾಗದೆ ಒತ್ತಿದರೆ ಗಟ್ಟಿಯಾಗಿದ್ದರೆ ಚೀಲ ಕಟ್ಟಿದೆ. ಮೆತ್ತಗೆ ತುಳುಕಿ ಕೊಕ್ಕಿನಿಂದ ಹುಳಿನಾತ ಬಂದರೆ ಕ್ಯಾಂಡಿಡಾ ಎಂಬ ಶಿಲೀಂಧ್ರ ಒಳಗೆ ಸಂಸಾರ ಹೂಡಿದೆ. ಸ್ನಾಯು ಸೋತು ಚೀಲ ಜೋತುಬಿದ್ದಿದ್ದರೆ ಅದು ಮೂರನೆಯ ಪ್ರಭೇದ. ಅದು ಮತ್ತೆ ಬಿಗಿಯಾಗುವುದು ಅಪರೂಪ. ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ ಬೆರಳು ಪ್ರತ್ಯಕ್ಷ ಪ್ರಮಾಣ, ಮೂಗು ಅನುಮಾನ ಪ್ರಮಾಣ. ಪಕ್ಕದ ತೋಟದವರ ಸಲಹೆ ಶಬ್ದ ಪ್ರಮಾಣ. ಶಬ್ದ ಅದರಲ್ಲಿ ಧಾರಾಳವಾಗಿರುತ್ತದೆ.

ಕಾರಣವನ್ನು ಹುಡುಕಿದರೂ ವೇಳೆಯೇ ಸಿಗುತ್ತದೆ, ಈ ಬಾರಿ ಮಳೆಗಾಲದ ರೂಪದಲ್ಲಿ. ಬೇರೂರಿದ ಹುಲ್ಲನ್ನು ಕೋಳಿ ತಾನೇ ಚಿವುಟಿ ಚೂರುಚೂರಾಗಿ ತಿನ್ನುತ್ತದೆ. ಮಳೆಗಾಲದಲ್ಲಿ ಗೂಡಿನಿಂದ ಹೊರಬಿಡದೆ, ಕಾಫಿ ತೋಟದಲ್ಲಿ ಕೊಚ್ಚಿದ ಮೊಳದುದ್ದದ ಹುಲ್ಲನ್ನು ದಯಾಪರರು ಒಳಗೆ ಎಸೆದಾಗ ಅದೇ ಹುಲ್ಲು ಹಗ್ಗವಾಗುತ್ತದೆ. ಗೋಣಿಚೀಲ ಹೊಲಿದ ದಾರವೂ ಜೊತೆಗೂಡಿದರೆ ಉಂಡೆ ಪೂರ್ಣ. ಮಣ್ಣು ಕೆದಕಲು ಸಿಗದ ಕೋಳಿಗೆ ಹರಳುಕಲ್ಲೂ ಸಿಗದು. ಇಲ್ಲೊಂದು ಆಕ್ಷೇಪ ಏಳುತ್ತದೆ: ನಾಗರಹೊಳೆಯ ಬೂದು ಕಾಡುಕೋಳಿಗೆ ಯಾವ ವೈದ್ಯರಿದ್ದಾರೆ? ಅದು ಬದುಕಿಲ್ಲವೇ? ಊರಕೋಳಿಗೂ ಅದಕ್ಕೂ ಇರುವ ಸಂಬಂಧವನ್ನು ನಾವು ಅಲ್ಲಗಳೆಯುವುದಿಲ್ಲ. ಊರಕೋಳಿಯ ಹಳದಿ ಚರ್ಮದ ವಂಶವಾಹಿ ಈ ಬೂದು ಕಾಡುಕೋಳಿಯಿಂದಲೇ ಬಂದದ್ದೆಂದು 2008ರ ತಳಿಶಾಸ್ತ್ರದ ಅಧ್ಯಯನವೊಂದು ತೋರಿಸಿದೆ. ಆದರೆ ಕಾಡಿನಲ್ಲಿ ಗೋಣಿದಾರವಿಲ್ಲ, ದಯಾಪರರೂ ಇಲ್ಲ. ವೈದ್ಯನಿಲ್ಲವೆಂಬ ಮಾತೂ ತಪ್ಪು: ಅಲ್ಲಿ ಕಾಡುಬೆಕ್ಕು ರಾತ್ರಿಪಾಳಿಯಲ್ಲಿದೆ, ಅದರ ರೋಗಿಗಳಲ್ಲಿ ಯಾರೂ ಮತ್ತೆ ದೂರು ತಂದಿಲ್ಲ.

ಈಗ ಚಿಕಿತ್ಸಾ ಪಂಥಗಳ ಖಂಡನೆ. ಹುಳಿವಾದಿಗಳು ಎಲ್ಲಕ್ಕೂ ಕಾಚಂಪುಳಿ ಎನ್ನುತ್ತಾರೆ. ಹಣ್ಣಿನ ರಸವನ್ನು ಕಪ್ಪಗೆ ಗಟ್ಟಿಯಾಗುವತನಕ ಕಾಯಿಸಿದ ಆ ದ್ರವ್ಯ ಪಂದಿಕರಿಯಲ್ಲಿ ಪ್ರಶ್ನಾತೀತ. ಆದರೆ ಆಗಲೇ ಹುಳಿತು ಉರಿಯೆದ್ದ ಚೀಲಕ್ಕೆ ಇನ್ನಷ್ಟು ಹುಳಿ ಸುರಿಯುವುದು ವೈದ್ಯವಲ್ಲ, ಒಗ್ಗರಣೆ. ಅಲ್ಲಿ ಬೇಕಾದದ್ದು ಪಶುವೈದ್ಯರು ಕೊಡುವ ನಿಸ್ಟಾಟಿನ್‌ನಂಥ ಶಿಲೀಂಧ್ರನಾಶಕ. ಮನೆಯಲ್ಲಿ ಮಿಕ್ಕ ಆ್ಯಂಟಿಬಯಾಟಿಕ್ ಕೊಟ್ಟರೆ ಶಿಲೀಂಧ್ರಕ್ಕೆ ಎದುರಾಳಿಗಳೂ ಇಲ್ಲವಾಗುತ್ತಾರೆ. ತಲೆಕೆಳಗುವಾದಿಗಳು ಕಾಲು ಹಿಡಿದು ಕೋಳಿಯನ್ನು ನೇತಾಡಿಸಿ ವಾಂತಿ ಮಾಡಿಸುತ್ತಾರೆ. ದ್ರವ ಶ್ವಾಸನಾಳಕ್ಕೆ ನುಗ್ಗಿದರೆ ಚೀಲವೂ ಖಾಲಿ, ಗೂಡೂ ಖಾಲಿ. ಎಣ್ಣೆವಾದಿಗಳು ಸತ್ಯಕ್ಕೆ ಸಮೀಪದವರು: ಗಟ್ಟಿ ಮೇವು ನಿಲ್ಲಿಸಿ, ನೀರು ಇಟ್ಟು, ತುಸು ಎಣ್ಣೆ ಜಾಗರೂಕತೆಯಿಂದ ಕುಡಿಸಿ, ಹಗುರವಾಗಿ ನೀವಿದರೆ ಸಣ್ಣ ಕಟ್ಟು ಸಡಿಲವಾಗುವುದುಂಟು. ಒಂದು ದಿನದಲ್ಲಿ ಸಡಿಲವಾಗದಿದ್ದರೆ ಪಶು ಆಸ್ಪತ್ರೆ. ಅಲ್ಲಿ ಚೀಲ ಕೊಯ್ದು, ತೊಳೆದು, ಹೊಲಿಯುವ ವಿದ್ಯೆಯಿದೆ. ತಡೆ ಗಿಜರ್ಡಿನಲ್ಲಿದ್ದರಂತೂ ಮೇಲಿನ ಚೀಲವನ್ನು ಎಷ್ಟು ನೀವಿದರೂ ವ್ಯರ್ಥ. ಸಂಪಾಜೆ ಘಾಟಿಯಲ್ಲಿ ಮರ ಬಿದ್ದಾಗ ಮಡಿಕೇರಿಯಲ್ಲಿ ನಿಂತ ಬಸ್ಸನ್ನು ತಳ್ಳಿ ಏನು ಫಲ?

ಕೊನೆಯ ಮತ್ತು ಅತಿ ಪ್ರಬಲ ಪೂರ್ವಪಕ್ಷ ಕರಿವಾದಿಗಳದು: ಕೋಳಿಕರಿಗೆ ಜೊತೆಯಾದ ನೂಪುಟ್ಟು ಸಿದ್ಧವಿರುವಾಗ ಈ ಚರ್ಚೆ ಏಕೆ? ಕತ್ತಿ ಒಂದೇ ಏಟಿಗೆ ಮೂರೂ ಪ್ರಭೇದಗಳನ್ನು ಗುಣಪಡಿಸುತ್ತದಲ್ಲ! ಉತ್ತರ ಹೀಗಿದೆ. ಚಿಕಿತ್ಸೆಯೆಂದರೆ ರೋಗ ಹೋಗಿ ರೋಗಿ ಉಳಿಯಬೇಕು. ಇಲ್ಲಿ ರೋಗಿ ಹೋಗುತ್ತದೆ, ರೋಗಕಾರಣ ಹಿತ್ತಲಲ್ಲೇ ಉಳಿದು ಮುಂದಿನ ಕೋಳಿಗೆ ಕಾಯುತ್ತದೆ. ಔಷಧಿ ಕುಡಿದ ಕೋಳಿಯನ್ನು ವೈದ್ಯರು ಹೇಳಿದ ಅವಧಿ ಮುಗಿಯದೆ ಒಲೆಗೇರಿಸುವಂತೆಯೂ ಇಲ್ಲ. ಹುಳಿನಾತ ಬಡಿದು ಸೊರಗಿದ ಕೋಳಿಯನ್ನು ನಂಟರಿಗೆ ಬಡಿಸುವುದು ಯಾವ ಒಕ್ಕದ (ಮನೆತನದ) ಮರ್ಯಾದೆಗೂ ತಕ್ಕದ್ದಲ್ಲ. ಆದರೂ ನ್ಯಾಯ ಬಿಡಬಾರದು. ಕೈಲ್‌ಪೊಳ್ದಿಗೋ ಪುತ್ತರಿ ಹಬ್ಬಕ್ಕೋ ಆರೋಗ್ಯವಂತ ಕೋಳಿಯನ್ನು ಕೊಯ್ದವರು ಚೀಲ ಬಿಚ್ಚಿ ನೋಡುತ್ತಾರೆ. ಹಿತ್ತಲಿನಲ್ಲಿ ತಪ್ಪದೆ ನಡೆಯುವ ಮರಣೋತ್ತರ ಪರೀಕ್ಷೆ ಅದೊಂದೇ. ಅಲ್ಲಿ ದಾರ ಕಂಡರೆ ಗೋಣಿಚೀಲ ಬಿಚ್ಚುವವರಿಗೆ, ಉದ್ದ ಹುಲ್ಲು ಕಂಡರೆ ಹುಲ್ಲು ಕೊಚ್ಚುವವರಿಗೆ ಅಡುಗೆಮನೆಯಿಂದ ವರದಿ ಹೋಗಬೇಕು. ಇಲ್ಲೂ ನಮ್ಮ ಸಿದ್ಧಾಂತದಂತೆ ವೇಳೆಯೇ ಮುಖ್ಯ: ಕರಿ ಕುದಿಯುವ ಮುಂಚೆ ವರದಿ ಸಲ್ಲಬೇಕು. ಉಂಡೆದ್ದ ಮೇಲೆ ಹೇಳುವ ಸಾಕ್ಷಿ ಕೋಳಿಯ ಪರವಾಗಿ ಇರುವುದು ಅಸಂಭವ.