ಮೋಟಾರಿನ ಸೀಮೆಯಲ್ಲಿ ಸರ್ವೋ

ಕೃಷ್ಣಾ ನದಿಯ ದಂಡೆಗೆ ಹೊಂದಿಕೊಂಡ ಚಿಕ್ಕೋಡಿ ತಾಲ್ಲೂಕಿನ ಯಡೂರು ಹೊರಗಿನವರಿಗೆ ವೀರಭದ್ರ ದೇವಸ್ಥಾನದಿಂದ ಪರಿಚಿತವಾದರೂ, ಊರವರ ದೈನಂದಿನ ಭಕ್ತಿಯಲ್ಲಿ ಗಣನೀಯ ಪಾಲು ಹೊಳೆಯಿಂದ ಕಬ್ಬಿನ ಹೊಲಕ್ಕೆ ನೀರೆತ್ತುವ ಮೋಟಾರಿಗೂ ಸಲ್ಲುತ್ತದೆ. ಅದರ ಅಶ್ವಶಕ್ತಿ, ಅದು ಸುಟ್ಟುಹೋದ ಸಂದರ್ಭ, ತಂತಿಯನ್ನು ಮತ್ತೆ ಸುತ್ತಿಸಲು ತಗುಲಿದ ಖರ್ಚು, ಹೊಳೆ ಏರಿದಾಗ ಅದನ್ನು ದಂಡೆಯಿಂದ ಮೇಲಕ್ಕೆ ಸಾಗಿಸುವ ಧಾವಂತ, ಇವೆಲ್ಲ ಇಲ್ಲಿ ಸರ್ವರಿಗೂ ಅಧಿಕಾರವಿರುವ ಶಾಸ್ತ್ರಗಳು. ಆದ್ದರಿಂದ ರೋಬೊ ಕಟ್ಟಲು ಹೊರಟ ಹವ್ಯಾಸಿಯೊಬ್ಬ ಇಂಥ ಸೀಮೆಯಲ್ಲಿ ‘ಮೋಟಾರು ಹಾಕಬೇಕೋ, ಸರ್ವೋ ಹಾಕಬೇಕೋ’ ಎಂದು ಕೇಳಿದರೆ, ಉತ್ತರಕ್ಕೆ ಮೊದಲು ‘ಎಷ್ಟ ಎಚ್‌ಪಿ ಐತಿ?’ ಎಂಬ ಮರುಪ್ರಶ್ನೆ ಬರುವುದು ಸಹಜ. ಒಂದು ಅಶ್ವಶಕ್ತಿಯೆಂದರೆ 746 ವ್ಯಾಟ್. ರೋಬೊದ ಚಕ್ರ ತಿರುಗಿಸುವ ಹಳದಿ ಪ್ಲಾಸ್ಟಿಕ್ಕಿನ ಬಿಓ ಮೋಟಾರು ಒಂದು ವ್ಯಾಟ್ ಒದಗಿಸಲೂ ಏದುಸಿರು ಬಿಡುವುದರಿಂದ ಚರ್ಚೆ ಆರಂಭದಲ್ಲೇ ಮರ್ಯಾದೆ ಕಳೆದುಕೊಳ್ಳುತ್ತದೆ.

ವಾಸ್ತವವಾಗಿ ಇವೆರಡರ ಭೇದ ಶಕ್ತಿಯದಲ್ಲ, ಸ್ವಭಾವದ್ದು. ಬ್ಯಾಟರಿಯಿಂದ ಓಡುವ ಸಾಮಾನ್ಯ ಮೋಟಾರು ವಿದ್ಯುತ್ ಇರುವಷ್ಟು ಹೊತ್ತು ತಿರುಗುತ್ತದೆ, ಆದರೆ ಎಷ್ಟು ತಿರುಗಿತು, ಎಲ್ಲಿ ನಿಂತಿತು ಎಂಬುದರ ಪರಿವೆ ಅದಕ್ಕಿಲ್ಲ. ಒಂದೇ ಪೆಟ್ಟಿಗೆಯಿಂದ ತೆಗೆದ ಎರಡು ಮೋಟಾರುಗಳೂ ಸಮವೇಗದಲ್ಲಿ ಓಡದ ಕಾರಣ, ಅಂಗಳದಲ್ಲಿ ನೇರ ಹೋಗೆಂದು ಬಿಟ್ಟ ರೋಬೊ ವಾಲಿಕೊಂಡು ಎಮ್ಮೆಯ ಗೂಟದತ್ತ ಸಾಗುತ್ತದೆ. ಸರ್ವೋದೊಳಗಾದರೋ ಮೋಟಾರಿನ ಜೊತೆಗೆ ವೇಗ ತಗ್ಗಿಸಿ ಬಲ ಹೆಚ್ಚಿಸುವ ಹಲ್ಲುಚಕ್ರಗಳು, ದಂಡ ಯಾವ ಕೋನದಲ್ಲಿದೆಯೆಂದು ವರದಿ ಮಾಡುವ ಪೊಟೆನ್ಶಿಯೋಮೀಟರ್, ಆ ವರದಿಯನ್ನು ಆಜ್ಞೆಯೊಡನೆ ಹೋಲಿಸಿ ತಿದ್ದುವ ಪುಟ್ಟ ಸರ್ಕ್ಯೂಟು ಇರುತ್ತವೆ. ಸೆಕೆಂಡಿಗೆ 50 ಸಲ ಬರುವ ವಿದ್ಯುತ್ ಮಿಡಿತ 1.5 ಮಿಲಿಸೆಕೆಂಡ್ ಉದ್ದವಿದ್ದರೆ ನಡುವಿಗೆ ಬಂದು ನಿಲ್ಲುವ, ಹಿಗ್ಗಿದರೆ ಒಂದು ಬದಿಗೂ ಕುಗ್ಗಿದರೆ ಇನ್ನೊಂದು ಬದಿಗೂ ಹೊರಳುವ ಈ ವಿಧೇಯ ಯಂತ್ರ, ಸುಮಾರು 180 ಡಿಗ್ರಿಯ ಲಕ್ಷ್ಮಣರೇಖೆಯನ್ನು ಮಾತ್ರ ದಾಟುವುದಿಲ್ಲ.

ವಿಧೇಯತೆಯಿಂದಲೇ ಭಾರ ಏಳುವುದಿಲ್ಲ. ಒಂಬತ್ತು ಗ್ರಾಂ ತೂಕದ ಎಸ್‌ಜಿ90 ಸರ್ವೋ ತನ್ನ ಕೇಂದ್ರದಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಸುಮಾರು 1.8 ಕಿಲೋ ತಡೆದರೂ, 10 ಸೆಂಟಿಮೀಟರ್ ಉದ್ದದ ಕೈಯ ತುದಿಯಲ್ಲಿ 180 ಗ್ರಾಮಿಗೇ ಸೋಲುತ್ತದೆ. ಅದರಲ್ಲಿ ಕೈಯ ಸ್ವಂತ ತೂಕವನ್ನು ಕಳೆದರೆ, ಚಹಾ ಕೊಡುವ ರೋಬೊ ಬಂದವರೆದುರು ಅರ್ಧ ಕಪ್ಪಿನ ಜಿಪುಣತನ ತೋರಿಸಬೇಕಾಗುತ್ತದೆ. ಹೊರಡುವಾಗ ಮತ್ತು ತಡೆಗೆ ಸಿಕ್ಕಾಗ ಮೋಟಾರು, ಸರ್ವೋ ಎರಡೂ ವಿಪರೀತ ವಿದ್ಯುತ್ ಎಳೆಯುವುದರಿಂದ, ಹಲವು ಸರ್ವೋಗಳನ್ನು ರೋಬೊಗೆ ಆಜ್ಞೆ ಕೊಡುವ ಆರ್ಡುಯಿನೋ ಬೋರ್ಡಿಗೇ ಜೋಡಿಸಿದಲ್ಲಿ ಬೋರ್ಡು ಮೂರ್ಛೆ ಹೋಗುತ್ತದೆ. ತ್ರೀಫೇಸ್ ಬಂದೊಡನೆ ಎಲ್ಲರ ಪಂಪುಗಳೂ ಒಟ್ಟಿಗೆ ಹೊರಟು ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರು, ಕೈಕೊಟ್ಟದ್ದನ್ನು ಕಂಡ ರೈತನಿಗೆ, ಸರ್ವೋಗೆ ಬೇರೆ ಬ್ಯಾಟರಿ ಏಕೆ ಬೇಕೆಂದು ಬಿಡಿಸಿ ಹೇಳಬೇಕಿಲ್ಲ.

ಚಕ್ರಕ್ಕೆ ಮೋಟಾರು, ಕೈ-ಕತ್ತಿಗೆ ಸರ್ವೋ ಎಂಬ ಸೂತ್ರದಿಂದ ವಿವಾದ ಮುಗಿಯಬೇಕಿತ್ತು. ಆದರೆ ಸರ್ವೋ ಕೊಂಡವನು ಅದರೊಳಗಿನ ತಡೆಯನ್ನು ಕೊರೆದು, ಪೊಟೆನ್ಶಿಯೋಮೀಟರನ್ನು ಬಿಡಿಸಿ, ಎಡೆಬಿಡದೆ ತಿರುಗುವ ಮೋಟಾರನ್ನಾಗಿ ಮಾಡುತ್ತಾನೆ. ಮೋಟಾರು ಕೊಂಡವನು ಅದಕ್ಕೆ ಸುತ್ತುಗಳನ್ನು ಎಣಿಸುವ ಎನ್‌ಕೋಡರ್ ಕಟ್ಟಿ ಸರ್ವೋದ ಗುಣ ಕಲಿಸುತ್ತಾನೆ. ಹೀಗೆ ಇಬ್ಬರೂ ಪರಸ್ಪರರ ಸಾಮಾನನ್ನು ದುಬಾರಿ ದಾರಿಯಲ್ಲಿ ತಯಾರಿಸಿ ಸರಿಸಮವಾಗುವ ಹೊತ್ತಿಗೆ, ಒಂದು ಸುತ್ತನ್ನು 200 ಹೆಜ್ಜೆಗಳಲ್ಲಿ ಎಣಿಸಿ ಇಡುವ ಸ್ಟೆಪ್ಪರ್ ಮೋಟಾರನ್ನು ಹಿಡಿದುಕೊಂಡು ಮೂರನೆಯವನೊಬ್ಬ ಕಟ್ಟೆಗೆ ಬರುತ್ತಾನೆ. ಎಚ್‌ಪಿಯ ಪ್ರಶ್ನೆ ಅವನಿಗೂ ತಪ್ಪುವುದಿಲ್ಲ.