ಮಾರ್ಕರ್ ಮೇಷ್ಟ್ರು

ಪೀಣ್ಯ ಎರಡನೇ ಹಂತದ ಯಾವ ಶೆಡ್ಡಿಗಾದರೂ ಹೋಗಿ. ಲೇತು, ಮಿಲ್ಲಿಂಗು, ಗ್ರೈಂಡಿಂಗು ದಾಟಿದರೆ ಮೂಲೆಯಲ್ಲೊಂದು ಗ್ರಾನೈಟಿನ ಸರ್ಫೇಸ್ ಪ್ಲೇಟು, ಅದರ ಹಿಂದೆ ಒಬ್ಬರು ಮೇಷ್ಟ್ರು. ಹಾಜರಿ ಪುಸ್ತಕದಲ್ಲಿ ಇನ್‌ಸ್ಪೆಕ್ಟರ್. ಶೆಡ್ಡಿನವರ ಬಾಯಲ್ಲಿ ಮಾರ್ಕರ್ ಮೇಷ್ಟ್ರು. ಕಿವಿಯ ಮೇಲೆ ಬಿಳಿ ಪೇಂಟ್ ಮಾರ್ಕರು, ಜೇಬಿನಲ್ಲಿ ಹಳದಿ ಮತ್ತು ಕೆಂಪು. ಬಿಳಿ ಪಾಸು, ಹಳದಿ ರೀವರ್ಕು, ಕೆಂಪು ಗುಜರಿ. ಅವರ ಮನೆಯವರ ತಕರಾರು ಬಹಳ ಹಳೆಯದು: ‘ಅಂಗಿಗೆ ಬಿದ್ದಿದ್ದು ಹೋಗಲ್ಲ, ಕಬ್ಬಿಣಕ್ಕೆ ಬರೆದಿದ್ದು ನಿಲ್ಲಲ್ಲ, ಇದೆಂಥ ಪೆನ್ನು ರೀ?’

ಮೇಷ್ಟ್ರ ಇಡೀ ವೃತ್ತಿಜೀವನ ಈ ಪ್ರಶ್ನೆಯ ಉತ್ತರಕ್ಕಾಗಿಯೇ ಸವೆಯುತ್ತಿದೆ.

ಗುರುತಿನ ವಿಷಯದಲ್ಲಿ ಅವರದು ಉಡಾಫೆಯಿಲ್ಲದ ಶಿಸ್ತು. ಕನೆಕ್ಟಿಂಗ್ ರಾಡನ್ನೂ ಅದರ ಕ್ಯಾಪನ್ನೂ ಜೋಡಿಸಿಯೇ ಬೋರ್ ಮಾಡಿರುತ್ತಾರೆ. ಒಂದರ ಕ್ಯಾಪು ಇನ್ನೊಂದಕ್ಕೆ ಕೂತರೆ ಬೋರು ದುಂಡಗಿರುವುದಿಲ್ಲ, ಬೇರಿಂಗು ಕಚ್ಚಿಕೊಳ್ಳುತ್ತದೆ. ‘ಮದುವೆಮನೇಲಿ ಚಪ್ಪಲಿ ಬದಲಾದ್ರೂ ಕುಂಟ್ಕೊಂಡು ಮನೆ ಸೇರ್ಬಹುದು ಕಣೋ, ಕ್ಯಾಪ್ ಬದಲಾದ್ರೆ ಎಂಜಿನ್ ನೆಲಮಂಗಲ ದಾಟಲ್ಲ’ ಎಂದು ಅಪ್ರೆಂಟಿಸ್ ಹುಡುಗರಿಗೆ ಪಾಠ. ‘ಹಾಗಾದ್ರೆ ನಂಬರ್ ಪಂಚ್ ತಗೊಂಡು ಹೊಡೆದುಬಿಡ್ಲಾ ಸಾರ್?’ ಎಂದು ಸುತ್ತಿಗೆ ಎತ್ತಿದವನ ಕೈ ಅಲ್ಲೇ ಹಿಡಿಯುತ್ತಾರೆ. ರಾಡಿನ ನಡುವಿಗೆ ಪಂಚ್ ಬಿದ್ದರೆ ಆ ತಗ್ಗಿನಿಂದಲೇ ಬಿರುಕು ಶುರುವಾಗಬಹುದು. ಹೊಡೆಯುವುದಿದ್ದರೆ ಡ್ರಾಯಿಂಗು ತೋರಿಸಿದ ಕಡೆ ಮಾತ್ರ.

ಜೆಟ್ ಎಂಜಿನ್ನಿನ ಬಿಸಿಭಾಗದ ತುಂಡೇನಾದರೂ ಬಂತೋ, ಅಂದು ಶೆಡ್ಡಿನ ಸೀಸದಕಡ್ಡಿಗಳೆಲ್ಲ ಮೇಷ್ಟ್ರ ಡ್ರಾಯರಿನಲ್ಲಿ ಬಂದಿ. ಪೆನ್ಸಿಲ್ಲಿನ ಇಂಗಾಲ ಕಾದ ಲೋಹದೊಳಗೆ ಇಳಿದು ಬಿರುಕು ಬಿಡಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೆ ಕ್ಲೋರೈಡ್ ಕಡಿಮೆಯಿರುವ ಶಾಯಿಯೇ ಆಗಬೇಕು. ಹೀಟ್ ಟ್ರೀಟ್‌ಮೆಂಟಿಗೆ ಹೋಗುವ ಗೇರಿಗೆ ಬರೆಯುವುದೇ ಇಲ್ಲ. 900 ಡಿಗ್ರಿಯ ಕುಲುಮೆಯಲ್ಲಿ ಪೇಂಟು ಬೂದಿ. ಅದಕ್ಕೆ ತಗಡಿನ ಬಿಲ್ಲೆ ಕೊರೆದು ಬೈಂಡಿಂಗ್ ವಯರಿನಲ್ಲಿ ಕಟ್ಟುತ್ತಾರೆ.

ಅವರ ಅಸಲಿ ಪ್ರತಾಪ ನೋಡಬೇಕಾದರೆ ಪೆನ್ನು ಮಾರುವ ಹುಡುಗ ಬರಬೇಕು. ಟೈ ಸರಿಪಡಿಸಿಕೊಂಡು ‘ಸಾರ್, ಪರ್ಮನೆಂಟು’ ಎನ್ನುತ್ತಾನೆ. ಮೇಷ್ಟ್ರು ಕೂಲೆಂಟು ತೊಟ್ಟಿಕ್ಕುವ ಫ್ಲೇಂಜೊಂದನ್ನು ಮುಂದಿಟ್ಟು, ‘ನಿಮ್ ಫೋನ್ ನಂಬರ್ ಬರೀರಿ. ಉಳಿದ್ರೆ ಫೋನ್ ಮಾಡ್ತೀನಿ.’

ಎಣ್ಣೆಯ ಮೇಲೆ ಪೆನ್ನು ಜಾರುತ್ತದೆ. ಮೇಷ್ಟ್ರು ಕರುಣೆಯಿಂದ ಬನಿಯನ್ ವೇಸ್ಟಿನಲ್ಲಿ ಒರೆಸಿಕೊಡುತ್ತಾರೆ. ಹತ್ತೂ ಅಂಕಿ ಕಪ್ಪಗೆ ಕೂರುತ್ತವೆ. ಹೆಬ್ಬೆರಳಿನ ಉಜ್ಜು: ಪಾಸು. ಬಿಸಿಲಲ್ಲಿ ಅರ್ಧ ಗಂಟೆ: ಪಾಸು. ಹುಡುಗ ಆರ್ಡರ್ ಪುಸ್ತಕ ತೆಗೆಯುವ ಹೊತ್ತಿಗೆ ಥಿನ್ನರಿನ ಬಟ್ಟೆ ಒಂದು ಸುತ್ತು ಬರುತ್ತದೆ. ಕೊನೆಯಲ್ಲಿ ಒಂದು ಸೊನ್ನೆ ಮಾತ್ರ ಉಳಿಯುತ್ತದೆ, ಅದೂ ಮಸುಕಾಗಿ. ‘ಸ್ಪಿರಿಟಲ್ಲಿ ಕರಗಿಸಿದ ಬಣ್ಣ ಸ್ಪಿರಿಟ್ ಕಂಡ್ರೆ ತವರುಮನೆಗೆ ಹೊರಟುಬಿಡುತ್ತೆ. ಪೇಂಟ್ ಮಾರ್ಕರಿನದು ಹಾಗಲ್ಲ, ಒಣಗಿದ್ರೆ ಪದರ ಕಟ್ಟುತ್ತೆ. ಆದ್ರೂ ಥಿನ್ನರಿಗೆ ಹೆದರುತ್ತೆ’ ಎಂದು ಸಮಾಧಾನ ಹೇಳಿ ಕಾಫಿ ಕೊಡಿಸುತ್ತಾರೆ.

ಇಷ್ಟೆಲ್ಲ ಕಂಡವರು ಪೆನ್ನನ್ನು ಸಾಲ ಕೊಟ್ಟಾರೆಯೇ? ಕ್ಯಾಪು ತಮ್ಮ ಬೆರಳಲ್ಲೇ ಹಿಡಿದುಕೊಂಡು ಕಡ್ಡಿ ಮಾತ್ರ ಕೊಡುತ್ತಾರೆ. ಅದರ ಅಲ್ಯೂಮಿನಿಯಂ ಮೈಮೇಲೆ ಅವರ ಇನಿಷಿಯಲ್ಲುಗಳಿವೆ. ಸ್ಕ್ರೈಬರಿನಿಂದ ಕೆರೆದದ್ದು, ಪೆನ್ನಿನಿಂದ ಬರೆಯುವಷ್ಟು ನಂಬಿಕೆ ಅವರಿಗೆ ಯಾವ ಪೆನ್ನಿನ ಮೇಲೂ ಇಲ್ಲ.

ಈಚೆಗೆ ಮಾಲೀಕರ ಮಗ ಲೇಸರ್ ಮಾರ್ಕಿಂಗ್ ಯಂತ್ರ ತರಿಸಿದ್ದಾನೆ. ಬೇಳೆಕಾಳಿನಗಲದ ಚೌಕದಲ್ಲಿ ಬ್ಯಾಚು, ತಾರೀಕು, ಜಾತಕವೆಲ್ಲ ಅಡಗುತ್ತದೆ. ಮೇಷ್ಟ್ರು ಮೆಚ್ಚಿದರು. ‘ಚೆನ್ನಾಗಿದೆ. ರಿಜೆಕ್ಟ್ ಅನ್ನೋದನ್ನ ಮಾತ್ರ ದೂರದಿಂದ ಕಾಣೋ ಹಾಗೆ ನಾನೇ ಬರೀತೀನಿ’ ಎಂದರು.

ಮೊನ್ನೆ ಟೈ ಹುಡುಗ ಮತ್ತೆ ಬಂದಿದ್ದ. ‘ಎಣ್ಣೆ, ನೀರು, ಥಿನ್ನರು, ಎಲ್ಲಾ ತಡ್ಕೊಳೋ ಗುರುತು ಪ್ರಪಂಚದಲ್ಲೇ ಇಲ್ಲ ಬಿಡಿ ಸಾರ್’ ಎಂದು ಕೈಚೆಲ್ಲಿದ. ಮೇಷ್ಟ್ರು ಅವನನ್ನು ಹಳೇ ಲೇತಿನ ಮುಂದೆ ನಿಲ್ಲಿಸಿದರು. ಹೋದ ಆಯುಧಪೂಜೆಯಲ್ಲಿ ಇಟ್ಟ ಬೊಟ್ಟು ವರ್ಷಪೂರ್ತಿ ಕೂಲೆಂಟಿನ ಸ್ನಾನ ಮಾಡಿಯೂ ಹೆಡ್‌ಸ್ಟಾಕಿನ ಮೇಲೆ ಕೆಂಪಗೆ ಕೂತಿತ್ತು.

‘ಯಾವ ಕಂಪನಿದು ಸಾರ್?’

‘ಕುಂಕುಮ ಕಣಯ್ಯಾ. ಜಿಎಸ್‌ಟಿನೂ ಇಲ್ಲ.’